ಗಂಡು ಅವರಿಗೆ, ಹೆಣ್ಣು ನಿಮಗೆ

ನಮ್ಮ ಕೇರಿಯಲ್ಲಿ ಹೊಲ ಪಾಲಾದದ್ದನ್ನು ನಾವು ಕಂಡಿಲ್ಲ. ಹೊಲವೇ ಇಲ್ಲದ ಮೇಲೆ ಪಾಲು ಎಲ್ಲಿಂದ ಬರಬೇಕು? ಆದರೆ ಮಕ್ಕಳು ಪಾಲಾದದ್ದನ್ನು ಕಂಡಿದ್ದೇವೆ. ಗಂಡಹೆಂಡಿರ ನಡುವೆ ಹರಿದುಹೋದಾಗ ಪಂಚರು ಕೂಡುತ್ತಾರೆ. ಚಹಾ ಬರುತ್ತದೆ, ಎಲೆ ಅಡಕಿ ತಟ್ಟೆ ಬರುತ್ತದೆ, ಬಾಂಡ್ ಪೇಪರು ಬರುತ್ತದೆ. ಅದರ ಮೇಲೆ ಸೋಡಚೀಟಿ ಬರೆಯುತ್ತಾರೆ. ಲಗ್ನದಾಗ ಕೊಟ್ಟ ಭಾಂಡೆ ಎಷ್ಟು, ಹಾಕಿದ ಬಂಗಾರ ಎಷ್ಟು, ತಿರುಗಿ ಕೊಡಬೇಕಾದ ರೊಕ್ಕ ಎಷ್ಟು ಅಂತ ಒಂದೊಂದಾಗಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ಕೊನೆಯಲ್ಲಿ, ತಾಮ್ರದ ಹಂಡೆ ಹಿತ್ತಾಳಿ ಕೊಡದ ಕೆಳಗೆ, ಮಕ್ಕಳು ಬರುತ್ತಾರೆ.

ನಮ್ಮ ತಂಗಿಯ ಸೋಡಚೀಟಿಯಲ್ಲೂ ಹಾಗೇ ಬಂತು. "ಗಂಡು ಅವರಿಗೆ, ಹೆಣ್ಣು ನಿಮಗೆ. ಇಲ್ಲಿಗೆ ಮುಗೀತು, ಏಳ್ರಿ" ಅಂದರು ಪಂಚರು.

ನಾವು ಅಂದರೆ ಮೂಡಲಗಿ ಸೀಮೆಯ ಒಂದು ಹಳ್ಳಿಯ ಕೆಳಗಿನ ಕೇರಿಯವರು. ಅವ್ವ, ಅಣ್ಣತಮ್ಮರು ಇಬ್ಬರು, ಮನೆಗೆ ಬಂದ ಸೊಸೆ, ಮತ್ತು ತಿರುಗಿ ಮನೆಗೆ ಬಂದ ತಂಗಿ. ಆಕಿಯನ್ನು ಕೊಟ್ಟದ್ದು ಹುಕ್ಕೇರಿ ತಾಲೂಕಿನ ಒಂದು ಊರಿಗೆ. ಅಳಿಯನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕಾಯಂ ನೌಕರಿ. ನಮ್ಮಂಥವರ ಮನೆಗೆ ಪಗಾರದ ಅಳಿಯ ಸಿಗುವುದು ಸಣ್ಣ ಮಾತಲ್ಲ. ಕೇರಿಯೆಲ್ಲ ಅವ್ವನ ದೈವ ದೊಡ್ಡದು ಅಂದಿತ್ತು. ಒಂಬತ್ತು ವರ್ಷ ಆಕಿ ಬಾಳ್ವೆ ಮಾಡಿದಳು. ತಿಂದ ಹೊಡೆತವನ್ನು ತವರಿನಲ್ಲಿ ಹೇಳಲಿಲ್ಲ. ಅವನು ಇನ್ನೊಬ್ಬಾಕಿಯನ್ನು ತಂದು ಅದೇ ಮನೆಯ ಪಡಸಾಲೆಯಲ್ಲಿ ಕೂಡಿಸಿದ ದಿನ ಎರಡೂ ಮಕ್ಕಳನ್ನು ಕರಕೊಂಡು ಬಸ್‌ಸ್ಟ್ಯಾಂಡಿಗೆ ಬಂದಳು. ಬಸ್‌ಸ್ಟ್ಯಾಂಡಿನಲ್ಲೇ ಹುಡುಗನನ್ನು ಅವರು ಕಸಗೊಂಡರು. ಅವನಿಗೆ ಆಗ ಏಳು ವರ್ಷ. ನಾಲ್ಕು ವರ್ಷದ ಹುಡುಗಿ ಆಕಿಯ ಬಗಲಲ್ಲಿತ್ತು. ಅದನ್ನು ಕಸಗೊಳ್ಳಲು ಯಾರೂ ಬರಲಿಲ್ಲ.

ಪಂಚರು ಬರೆದ ಕಾಗದಕ್ಕೆ ಸಹಿ ಬೇಕಾಗಿತ್ತು. ತಂಗಿ ಏಳನೇತ್ತದವರೆಗೆ ಕಲಿತಾಕಿ. "ಸಹಿ ಮಾಡಾಕ ನನಗ ಬರತೈತಿ. ಇದರ ಮ್ಯಾಲ ಮಾಡಾಂಗಿಲ್ಲ" ಅಂದಳು. ಹಿರ್ಯಾರಿಗೆ ಸಿಟ್ಟು ಬಂತು. "ಹಂಗಾರ ಕೋರ್ಟಿಗೆ ಹೋಗವಾ. ಕರೀ ಕೋಟಿನವರು ನಿನ್ನ ಮನಿ ಬೆಳಗತಾರ" ಅಂದು ಎದ್ದುಹೋದರು. ಅಂದಿನಿಂದ ನಾವು ಕರೀ ಕೋಟಿನವರನ್ನು ಹುಡುಕುತ್ತ ಮೂರು ಊರು ತಿರುಗಿದೆವು. ತವರು ಇರುವುದು ಮೂಡಲಗಿ ಕಡೆ, ಗಂಡನ ಮನೆ ಹುಕ್ಕೇರಿ ಕಡೆ, ದೊಡ್ಡ ವಕೀಲರೆಲ್ಲ ಇರುವುದು ನಡುವೆ ಗೋಕಾಕದಲ್ಲಿ.

ಮೊನ್ನೆಮೊನ್ನೆಯವರೆಗೆ ಗೋಕಾಕ ತಾಲೂಕಿನ ಹೊಟ್ಟೆಯಲ್ಲಿದ್ದ ಮೂಡಲಗಿ ಈಗ ತಾನೇ ತಾಲೂಕು. ಹತ್ತಿರದ ಊರು ಅಂತ ಮೊದಲು ಅಲ್ಲಿಗೆ ಹೋದೆವು. ವಕೀಲರು ಕುರ್ಚಿ ತೋರಿಸಿದರು, ನೀರು ಕೊಟ್ಟರು. ಅಷ್ಟಕ್ಕೇ ಅವ್ವನಿಗೆ ಅರ್ಧ ಖಟ್ಲೆ ಗೆದ್ದಂತಾಯಿತು.

"ಹುಡುಗ ಎಲ್ಲಿ ಅದಾನ?"

"ಅವರಪ್ಪನ ಹಂತ್ಯಾಕ ಅದಾನ್ರಿ ಸಾಹೇಬ್ರ, ಹುಕ್ಕೇರಿ ಕಡೆ."

"ಹಂಗಾರ ಖಟ್ಲೇನೂ ಹುಕ್ಕೇರಿಗೇ ಹೋಗತೈತಿ. ಕೂಸು ಎಲ್ಲಿ ಇರತೈತಿ ಅಲ್ಲೇ ಅರ್ಜಿ ಹಾಕಬೇಕು. ಅಲ್ಲೇ ಯಾರನ್ನಾರ ನೋಡ್ರಿ."

ಅವರು ಹೇಳಿದ್ದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಮಾತು. ಮಗು ಸಾಮಾನ್ಯವಾಗಿ ವಾಸ ಮಾಡುವ ಜಾಗ ಯಾವ ನ್ಯಾಯಾಲಯದ ಹದ್ದಿನಲ್ಲಿ ಬರುತ್ತದೋ ಅಲ್ಲಿ ಅರ್ಜಿ ಕೊಡಬೇಕು ಎನ್ನುತ್ತದೆ ಅದರ 9ನೇ ಕಲಮು. ಸುಳ್ಳಲ್ಲ. ಆದರೆ ಆ ದಿನ ನಮ್ಮ ತಲೆಯಲ್ಲಿ ತಿರುಗಿದ್ದು ಬೇರೆ ಪ್ರಶ್ನೆ. ಕಸಗೊಂಡು ಒಯ್ದವರ ಊರೇ ಕೂಸಿನ ಊರಾಗಿಬಿಟ್ಟರೆ, ಕಸಗೊಂಡವರು ಅರ್ಧ ಖಟ್ಲೆಯನ್ನು ಬಸ್‌ಸ್ಟ್ಯಾಂಡಿನಲ್ಲೇ ಗೆದ್ದರಲ್ಲ?

ಹುಕ್ಕೇರಿಗೆ ಹೋದೆವು. ಗೋಕಾಕಕ್ಕೆ ಒಂದು ಬಸ್ಸು, ಅಲ್ಲಿಂದ ಘಟಪ್ರಭಾ ಮೇಲೆ ಹಾದು ಇನ್ನೊಂದು. ಆ ಹಳೆಯ ಗುಮ್ಮಟಗಳ ಊರಿನಲ್ಲಿ ಇಬ್ಬರು ವಕೀಲರನ್ನು ಕಂಡೆವು. ಮೊದಲನೆಯವರು ಅಳಿಯನ ಊರಿನ ಹೆಸರು ಕೇಳಿ ಪೆನ್ನು ಕೆಳಗಿಟ್ಟರು. "ಆ ಊರಾನ ಮಂದಿ ನಮ್ಮ ಪಕ್ಷಗಾರರದಾರ. ನಾ ತಗೋಳಾಕ ಬರಂಗಿಲ್ಲ, ಸಿಟ್ಟಾಗಬ್ಯಾಡ್ರಿ" ಅಂದರು. ಅವರ ಮೇಲೆ ನಮಗೆ ಸಿಟ್ಟಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದರು. ಎರಡನೆಯವರು ಎಲ್ಲವನ್ನೂ ಕೇಳಿಸಿಕೊಂಡು, ತಲೆ ಹಾಕಿ, ಕೊನೆಗೆ ಒಂದು ಮಾತು ಕೇಳಿದರು.

"ನೀವು ಯಾವ ಪೈಕಿ?"

ಹೇಳಿದೆವು. ಹೇಳಿದ ಮೇಲೆ ಅವರ ಕಾಯ್ದೆ ಬದಲಾಯಿತು. "ನಿಮ್ಮ ಮಂದ್ಯಾಗ ಇದೆಲ್ಲಾ ನಡೀತೈತಲ್ಲ. ಹುಡುಗಿ ವಯಸ್ಸ ಸಣ್ಣದೈತಿ, ಉಡಿಕಿ ಮಾಡಿ ಕೊಡ್ರಿ. ಹುಡುಗ ಅವರಪ್ಪನ ಹಂತ್ಯಾಕ ಇದ್ರ ಆಕೀಗೂ ಹಗೂರ ಆಕ್ಕೈತಿ." ತಂಗಿ ಬಾಗಿಲ ಹತ್ತಿರ ನೆಲದ ಮೇಲೆ ಕುಳಿತಿದ್ದಳು. ಅಲ್ಲಿಯವರೆಗೆ ಯಾವ ವಕೀಲರೂ ಆಕಿಯನ್ನು ಒಂದು ಮಾತು ಕೇಳಿರಲಿಲ್ಲ. ಎಲ್ಲರೂ ಕೇಳಿದ್ದು ಅಣ್ಣತಮ್ಮರನ್ನು. "ಸಾಹೇಬ್ರ, ಹಡದಾಕಿ ಇಲ್ಲೇ ಕುಂತೇನಿ. ಹಗೂರ ಆಕ್ಕೈತೋ ಭಾರ ಆಕ್ಕೈತೋ ನನ್ನ ಕೇಳ್ರಿ" ಅಂದಳು. ಅವರು ಮುಂದಿನ ಪಕ್ಷಗಾರರನ್ನು ಕರೆದರು.

ಗೋಕಾಕದಲ್ಲಿ ಕಂಡವರು ಹೆಸರಾದ ವಕೀಲರು. ಅವರ ಕಚೇರಿಯ ಮುಂದೆ ಚಪ್ಪಲಿಗಳೇ ಒಂದು ಸಂತೆಯಷ್ಟು. ಮೂವತ್ತು ಸಾವಿರ ಮೊದಲು ಇಡಬೇಕು, ತಾರೀಖಿನ ಖರ್ಚು ಬೇರೆ ಅಂದರು. ಅಷ್ಟು ರೊಕ್ಕ ಕೇರಿಯ ಮನೆಯಲ್ಲಿ ಹೇಗೆ ಹುಟ್ಟುತ್ತದೆ ಎಂಬುದನ್ನು ಓದುವ ಗೆಳೆಯರು ತಿಳಿಯಬೇಕು. ಕಬ್ಬಿನ ಗ್ಯಾಂಗಿನ ಮುಕಾದಮನ ಹತ್ತಿರ ಮುಂಗಡ ಎತ್ತಬೇಕು. ಮುಂಗಡ ಎತ್ತಿದರೆ ಹಂಗಾಮು ಮುಗಿಯುವತನಕ ಊರು ಬಿಡಬೇಕು. ಊರು ಬಿಟ್ಟರೆ ತಾರೀಖಿಗೆ ಹಾಜರಾಗಲು ಆಗುವುದಿಲ್ಲ. ತಾರೀಖಿಗೆ ಹಾಜರಾಗದ ತಾಯಿಗೆ ಯಾವ ನ್ಯಾಯಾಧೀಶರು ಮಗನನ್ನು ಕೊಟ್ಟಾರು? ಮಗನಿಗಾಗಿ ಸಾಲ ಮಾಡಿದರೆ ಆ ಸಾಲವೇ ಮಗನನ್ನು ದೂರ ಮಾಡುತ್ತದೆ.

ಆ ವಕೀಲರು ಇನ್ನೊಂದು ಮಾತು ಹೇಳಿದರು. "ಅವಂಗ ಕಾಯಂ ಪಗಾರ ಐತಿ, ಆರ್‌ಸಿಸಿ ಮನಿ ಐತಿ. ನಿಮ್ಮ ಹುಡುಗಿ ಹಂತ್ಯಾಕ ಏನೈತಿ? ಕೂಸಿನ ಹಿತ ಅಂದ್ರ ಕೋರ್ಟ್ ಇದನ್ನ ನೋಡೂದು." ಮೂರು ಊರು ತಿರುಗಿ ಕೇಳಿದ ಮಾತುಗಳಲ್ಲಿ ನಮ್ಮನ್ನು ಹೆಚ್ಚು ಇರಿದದ್ದು ಇದು. ಜಾತಿ ಕೇಳಿದ್ದು ಹಳೆಯ ಗಾಯ, ಅದಕ್ಕೆ ನಮ್ಮ ಚರ್ಮ ದಪ್ಪವಾಗಿದೆ. ಬಡತನವನ್ನೇ ತಾಯಿಯ ಅಯೋಗ್ಯತೆ ಅಂತ ಬರೆಯುವುದು ಬೇರೆ ವಿದ್ಯೆ. ಈ ಲೆಕ್ಕ ಹಿಡಿದರೆ ಕೇರಿಯಲ್ಲಿ ಮಕ್ಕಳನ್ನು ಸಾಕುವ ಹಕ್ಕು ಯಾವ ತಾಯಿಗೆ ಉಳಿಯುತ್ತದೆ? ಕೂಲಿ ಮಾಡಿ ಮಕ್ಕಳನ್ನು ದೊಡ್ಡದು ಮಾಡಿದ ನಮ್ಮ ಅವ್ವಂದಿರೆಲ್ಲ ಅಯೋಗ್ಯರೇ?

ಕಾಯ್ದೆಯಲ್ಲಿ ನಿಜವಾಗಿ ಇರುವುದೇನು? ಅದನ್ನು ಆಮೇಲೆ ಓದಿಸಿ ಕೇಳಿದೆವು. ಇಲ್ಲಿ ಬರೆಯುತ್ತೇವೆ, ಯಾಕೆಂದರೆ ಇನ್ನೊಂದು ಕೇರಿಯ ಇನ್ನೊಬ್ಬ ತಂಗಿಗೆ ಇದು ಬೇಕಾದೀತು.

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮು ಲಗ್ನದೊಳಗೆ ಹುಟ್ಟಿದ ಮಗುವಿಗೆ ತಂದೆ ಮೊದಲ ಪಾಲಕ, ಅವನ ನಂತರ ತಾಯಿ ಎನ್ನುತ್ತದೆ. ಐದು ವರ್ಷ ತುಂಬದ ಕೂಸು ಮಾತ್ರ ಸಾಮಾನ್ಯವಾಗಿ ತಾಯಿಯ ವಶದಲ್ಲಿರಬೇಕು ಎನ್ನುತ್ತದೆ. "ಅವನ ನಂತರ" ಎಂಬ ಮಾತಿಗೆ ಅವನು ಸತ್ತ ನಂತರ ಅಂತಲೇ ಬಹಳ ಕಾಲ ಅರ್ಥ ಹಚ್ಚಿದರು. ಗೀತಾ ಹರಿಹರನ್ ಎಂಬ ಲೇಖಕಿ ಹೂಡಿದ ಖಟ್ಲೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ಆ ಅರ್ಥವನ್ನು ಮುರಿಯಿತು. ತಂದೆ ಮಗುವಿನ ಯೋಗಕ್ಷೇಮದಿಂದ ದೂರ ಉಳಿದಿದ್ದರೆ ಅವನು ಬದುಕಿರುವಾಗಲೇ ತಾಯಿ ಪಾಲಕಿಯಾಗಬಹುದು ಅಂದಿತು. ಅದೇ 1956ರ ಕಾಯ್ದೆಯ 13ನೇ ಕಲಮು ಎಲ್ಲಕ್ಕಿಂತ ಮೇಲೆ ಕೂಡುತ್ತದೆ: ಪಾಲಕರು ಯಾರು ಎಂದು ನಿರ್ಧರಿಸುವಾಗ ಮಗುವಿನ ಹಿತವೇ ಮುಖ್ಯ. 1973ರಲ್ಲಿ ರೋಸಿ ಜೇಕಬ್ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಮಕ್ಕಳು ತಂದೆತಾಯಿಯ ಸಾಮಾನೂ ಅಲ್ಲ, ಆಟಿಗೆಯೂ ಅಲ್ಲ ಎಂಬ ಅರ್ಥದ ಮಾತು ಹೇಳಿತು. ಹಂಡೆ ಕೊಡದ ಕೆಳಗೆ ಮಕ್ಕಳನ್ನು ಬರೆಯುವ ಪಂಚರಿಗೆ ಆ ಮಾತು ಇನ್ನೂ ಮುಟ್ಟಿಲ್ಲ.

ಹಿತ ಅಂದರೆ ರೊಕ್ಕವೇ? ಅದಕ್ಕೂ ಉತ್ತರ ಐತಿ. ಧನವಂತಿ ಜೋಶಿ ಎಂಬ ತಾಯಿಯ ಖಟ್ಲೆ. ತಂದೆ ಅಮೆರಿಕದಲ್ಲಿ ಗಳಿಸುವವನು, ತಾಯಿ ಮುಂಬಯಿಯಲ್ಲಿ ದುಡಿಯುವಾಕಿ. ತಂದೆಯ ಹತ್ತಿರ ಹೆಚ್ಚು ರೊಕ್ಕ ಐತಿ, ಅಲ್ಲಿ ಒಳ್ಳೆ ಶಾಲೆ ಐತಿ ಎಂಬ ಒಂದೇ ಕಾರಣಕ್ಕೆ ಮಗುವನ್ನು ತಾಯಿಯಿಂದ ಬಿಡಿಸಲಾಗದು ಅಂತ 1997ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅಮೆರಿಕದ ಡಾಲರು ತೂಗದ ತಕ್ಕಡಿಯಲ್ಲಿ ಸಕ್ಕರೆ ಕಾರ್ಖಾನೆಯ ಪಗಾರ ತೂಗುತ್ತದೆಯೇ? ಮತ್ತೆ, ಪಗಾರ ಇದ್ದವನಿಗೆ ಕಾಯ್ದೆ ಒಪ್ಪಿಸಿದ ಕೆಲಸವೇ ಬೇರೆ. ಹೆಂಡತಿ ಮಕ್ಕಳ ಅನ್ನ ಬಟ್ಟೆಗೆ ಅವನು ಜೀವನಾಂಶ ಕೊಡಬೇಕು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು. ಅಂದರೆ ತಾಯಿಯ ಬಡತನಕ್ಕೆ ಔಷಧ ತಂದೆಯ ಪಗಾರದಲ್ಲೇ ಐತಿ. ಆ ಪಗಾರವನ್ನು ಅವಳಿಗೆದುರಾಗಿ ಸಾಕ್ಷಿ ನಿಲ್ಲಿಸುವ ವಕೀಲರು ಕಾಯ್ದೆಯನ್ನು ತಲೆಕೆಳಗು ಓದುತ್ತಾರೆ.

ಇಲ್ಲಿ ಒಂದು ಮಾತು ನಮ್ಮ ರೂಢಿಯ ಬಗ್ಗೆ. ಮೇಲ್ಜಾತಿಯ ಹೆಣ್ಣುಮಕ್ಕಳಿಗೆ ವಿಚ್ಛೇದನದ ಬಾಗಿಲು ತೆರೆದದ್ದು 1955ರ ಹಿಂದೂ ವಿವಾಹ ಕಾಯ್ದೆ. ಕೇರಿಯ ಹೆಣ್ಣುಮಕ್ಕಳಿಗೆ ಸೋಡಚೀಟಿ, ಉಡಿಕಿ ಮೊದಲಿನಿಂದಲೂ ಇದ್ದವು. ಹಿಂದೂ ಸಂಹಿತೆಯ ಚರ್ಚೆಯಲ್ಲಿ ಬಾಬಾಸಾಹೇಬರೇ ಇದನ್ನು ಎತ್ತಿ ಹೇಳಿದ್ದರು: ಶೂದ್ರರಲ್ಲಿ ವಿಚ್ಛೇದನ ರೂಢಿಯಲ್ಲೇ ಐತಿ, ಅದರಿಂದ ಧರ್ಮವೇನೂ ಮುಳುಗಿಲ್ಲ ಎಂದು. ಆ ಮಸೂದೆಯನ್ನು ತಡೆದರು ಅಂತ 1951ರಲ್ಲಿ ಅವರು ಮಂತ್ರಿ ಪದವಿಯನ್ನೇ ಬಿಟ್ಟರು. ನಮ್ಮಲ್ಲಿ ಎಷ್ಟೋ ಜನ ಈ ರೂಢಿಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ನಮ್ಮ ಹೆಣ್ಣುಮಕ್ಕಳು ಮೊದಲಿನಿಂದ ಸ್ವತಂತ್ರರು ಅಂತ. ಅರ್ಧ ಖರೆ. ರೂಢಿ ಹೆಣ್ಣನ್ನು ಗಂಡನಿಂದ ಬಿಡಿಸಿತು, ಮಕ್ಕಳನ್ನು ಗಂಡನಿಂದ ಬಿಡಿಸಲಿಲ್ಲ. ಉಡಿಕಿಯಾಗಿ ಹೋಗುವಾಕಿ ಮೊದಲ ಮನೆಯ ಗಂಡುಮಕ್ಕಳನ್ನು ಅಲ್ಲೇ ಇಳಿಸಿ ಹೋಗಬೇಕು. ಮುಂದೆ ಜಾತ್ರೆಯಲ್ಲಿ ಮಗ ಎದುರಾದರೂ ಸೆರಗು ಎಳಕೊಂಡು ಹಾದುಹೋದ ತಾಯಂದಿರನ್ನು ನಮ್ಮ ಕೇರಿಯ ಮುದುಕಿಯರು ಇವತ್ತಿಗೂ ಹೆಸರು ಹಿಡಿದು ಹೇಳುತ್ತಾರೆ.

1955ರ ಕಾಯ್ದೆ ರೂಢಿಯ ವಿಚ್ಛೇದನವನ್ನು ಅಳಿಸಿಲ್ಲ. ಆ ರೂಢಿ ಐತಿ ಅಂತ ಸಾಬೀತು ಮಾಡಿದರೆ 29ನೇ ಕಲಮಿನಲ್ಲಿ ಅದಕ್ಕೆ ಜಾಗ ಐತಿ. ಆದರೆ ಮಕ್ಕಳ ಬಗ್ಗೆ ಪಂಚರು ಏನು ಬರೆದರೂ ಅದು ನ್ಯಾಯಾಲಯದ ಕೈ ಕಟ್ಟುವುದಿಲ್ಲ. ತಾಯಿಯೇ ಹೆಬ್ಬೆಟ್ಟು ಒತ್ತಿದ್ದರೂ ಮಗುವಿನ ಹಿತವನ್ನು ಹೊಸದಾಗಿ ನೋಡುವ ಅಧಿಕಾರ ನ್ಯಾಯಾಧೀಶರಿಗೆ ಇದ್ದೇ ಇರುತ್ತದೆ. ಹೆಬ್ಬೆಟ್ಟು ಒತ್ತಿ ಮನೆಯಲ್ಲಿ ಅಳುತ್ತ ಕುಳಿತ ತಾಯಂದಿರಿಗೆ ಈ ಒಂದು ಮಾತನ್ನಾದರೂ ಹೋಗಿ ಹೇಳಿರಿ.

ನಮಗೆ ದಾರಿ ತೋರಿಸಿದವರು ಒಬ್ಬ ಮಾಸ್ತರರು. ತಂಗಿಯ ಮಗಳನ್ನು ಅಂಗನವಾಡಿಯಿಂದ ಶಾಲೆಗೆ ಹಾಕುವ ಮಾತಿಗೆ ಹೋದಾಗ ವಿಷಯ ಕೇಳಿ, "ಯಾಕ ಮಂದೀ ಮುಂದ ಕೈ ಒಡ್ಡತೀರಿ? ವಕೀಲರನ್ನ ಕೊಡೂದು ಸರ್ಕಾರದ ಕೆಲಸ ಐತಿ" ಅಂದರು. ನಾವು ನಂಬಲಿಲ್ಲ. ಸರ್ಕಾರ ಕೊಟ್ಟ ಚಪ್ಪಲಿಯೇ ಕಾಲಿಗೆ ಹಿಡಿಸುವುದಿಲ್ಲ, ವಕೀಲರು ಹಿಡಿಸುತ್ತಾರೆಯೇ? ಅವರು ಕಾಯ್ದೆಯನ್ನೇ ತೆಗೆದು ತೋರಿಸಿದರು. ಸಂವಿಧಾನಕ್ಕೆ 1976ರ ತಿದ್ದುಪಡಿಯಲ್ಲಿ 39ಎ ಎಂಬ ಅನುಚ್ಛೇದ ಸೇರಿತು. ರೊಕ್ಕ ಇಲ್ಲವೆಂದು ಯಾರಿಗೂ ನ್ಯಾಯ ತಪ್ಪಬಾರದು, ಉಚಿತ ಕಾನೂನು ನೆರವು ಕೊಡಬೇಕು ಅಂತ. ಅದರ ಮೇಲೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಬಂತು. ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಮಿನಲ್ಲಿ ಯಾರ್‍ಯಾರಿಗೆ ಉಚಿತ ವಕೀಲರು ಎಂಬ ಪಟ್ಟಿ ಐತಿ. ಪರಿಶಿಷ್ಟ ಜಾತಿ ಪಂಗಡದವರು ಮೊದಲ ಸಾಲು. ಹೆಣ್ಣುಮಕ್ಕಳು ಮತ್ತು ಮಕ್ಕಳು ಇನ್ನೊಂದು ಸಾಲು. ಇವರಿಗೆ ಆದಾಯದ ಮಿತಿ ಇಲ್ಲ. ನಮ್ಮ ತಂಗಿ ಆ ಪಟ್ಟಿಯಲ್ಲಿ ಎರಡು ಸಲ ಇದ್ದಳು. ಆದರೂ ಮೂವತ್ತು ಸಾವಿರದ ಚಿಂತೆಯಲ್ಲಿ ಮೂರು ಊರು ತಿರುಗಿದ್ದಳು.

ತಾಲೂಕಿಗೊಂದು ಕಾನೂನು ಸೇವೆಗಳ ಸಮಿತಿ ಇರುತ್ತದೆ, ನ್ಯಾಯಾಲಯದ ಕಟ್ಟಡದಲ್ಲೇ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಟ್ಟರೆ ಸಾಕು. ಅಂಥ ಒಂದು ಕಚೇರಿಯಲ್ಲಿ, ಯಾವ ಊರಿನದೆಂದು ಹೇಳುವುದು ಬೇಡ, ಕುಳಿತಿದ್ದವರು ಆದಾಯದ ಸರ್ಟಿಫಿಕೇಟ್ ತಂದು ಬರ್ರಿ ಅಂದರು. ಮಾಸ್ತರರು ಕೂಗಾಡಲಿಲ್ಲ. ಅರ್ಜಿಯ ಕೆಳಗೆ ತಮ್ಮ ಕೈಯಿಂದ ಒಂದು ಸಾಲು ಸೇರಿಸಿದರು: ಅರ್ಜಿದಾರಳು ಪರಿಶಿಷ್ಟ ಜಾತಿಯ ಮಹಿಳೆ, 12ನೇ ಕಲಮಿನ ಪ್ರಕಾರ ಆದಾಯದ ದಾಖಲೆ ಬೇಕಿಲ್ಲ. ಸ್ವೀಕೃತಿಯ ಸಹಿ ಕೇಳಿದರು. ಅರ್ಜಿ ಒಳಗೆ ಹೋಯಿತು. ಕಾಗದದ ಜಾತಿಯವರಿಗೆ ಕಾಗದದ ಭಾಷೆಯೇ ತಿಳಿಯುತ್ತದೆ ಎಂಬುದನ್ನು ಆ ದಿನ ಕಂಡೆವು. ಹೀಗೆ ನೇಮಕವಾದ ವಕೀಲರು ಪಕ್ಷಗಾರರಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಕೋರ್ಟಿನ ಫೀ, ನಕಲಿನ ಖರ್ಚು ಕೂಡ ನೆರವಿನಲ್ಲೇ ಬರುತ್ತವೆ. ಅವರು ಸರಿಯಾಗಿ ನಡೆಸದಿದ್ದರೆ ಅದೇ ಸಮಿತಿಗೆ ಬರೆದುಕೊಡಬಹುದು. ದೂರದವರು 15100 ನಂಬರಿಗೆ ಫೋನು ಹಚ್ಚಬಹುದು.

ನಮಗೆ ಸಿಕ್ಕವರು ವಯಸ್ಸಾದ ವಕೀಲರು. ಕೋಟಿನ ಮೊಣಕೈ ಹರಿದಿತ್ತು. ಅವ್ವನಿಗೆ ಮನಸ್ಸಿಗೆ ಬರಲಿಲ್ಲ. ಪುಕ್ಕಟೆ ವಕೀಲ, ಪುಕ್ಕಟೆ ವಾದ ಅಂದಳು. ಆದರೆ ಅವರು ಮೊದಲು ಮಾಡಿದ ಕೆಲಸ ಅಣ್ಣತಮ್ಮರಿಬ್ಬರನ್ನೂ ಹೊರಗೆ ಕಳಿಸಿದ್ದು. "ನಿಮ್ಮ ಮಾತು ಆಮ್ಯಾಲ ಕೇಳತೇನಿ. ಮೊದಲ ತಾಯವ್ವ ಹೇಳಲಿ." ಅವ್ವ, ತಂಗಿ, ಸೊಸೆ ಒಳಗೆ. ಹುಡುಗನಿಗೆ ಜಳಕ ಯಾರು ಹಾಕುತ್ತಿದ್ದರು? ಜ್ವರ ಬಂದಾಗ ದವಾಖಾನೆಗೆ ಯಾರು ಒಯ್ದರು? ಶಾಲೆಗೆ ಹೆಸರು ಹಚ್ಚಿದ ದಿನ ಯಾರ ಸಹಿ ಐತಿ? ರಾತ್ರಿ ಅಂಜಿದರೆ ಯಾರನ್ನು ಕರೆಯುತ್ತಾನೆ? ಅಣ್ಣತಂಗಿ ಜಗಳ ಆಡುತ್ತಾರೋ, ಕೂಡಿ ಉಣ್ಣುತ್ತಾರೋ? ಹೊರಗೆ ಬಂದಾಗ ತಂಗಿಯ ಕಣ್ಣು ಕೆಂಪಾಗಿದ್ದವು. ಆದರೆ ಆಕಿ ನೆಟ್ಟಗೆ ನಡೆದು ಬಂದಳು. ಗಂಡನ ಮನೆಯ ಒಂಬತ್ತು ವರ್ಷವನ್ನು ಆಕಿ ಯಾರಿಗೋ ಪೂರ್ತಿ ಹೇಳಿದ್ದು ಅದೇ ಮೊದಲು.

ಮೂಡಲಗಿಯಲ್ಲಿ ಕಟ್ಟಿದ್ದ ಗಂಟನ್ನು ಅವರು ಒಂದು ಗಳಿಗೆಯಲ್ಲಿ ಬಿಚ್ಚಿದರು. ಪಾಲಕತ್ವದ ಬೇರೆ ಅರ್ಜಿ ಹಾಕಿದರೆ ಮಗು ಇರುವ ಊರಿಗೆ ಹೋಗಬೇಕು, ಅದು ಖರೆ. ಆದರೆ ತಂಗಿಗೆ ವಿಚ್ಛೇದನವೂ ಬೇಕಲ್ಲ? 2003ರ ತಿದ್ದುಪಡಿಯ ನಂತರ ಹೆಂಡತಿ ತಾನು ವಾಸಿಸುವ ಜಾಗದಲ್ಲೇ ವಿಚ್ಛೇದನದ ಅರ್ಜಿ ಹಾಕಬಹುದು. ಆ ಅರ್ಜಿ ನಡೆದಿರುವಾಗಲೇ ಮಕ್ಕಳ ವಶ, ಖರ್ಚು, ಓದು ಎಲ್ಲದಕ್ಕೂ ಮಧ್ಯಂತರ ಆದೇಶ ಕೊಡುವ ಅಧಿಕಾರ ವಿವಾಹ ಕಾಯ್ದೆಯ 26ನೇ ಕಲಮಿನಲ್ಲಿ ಐತಿ. ಮಕ್ಕಳ ಇಷ್ಟವನ್ನೂ ಆದಷ್ಟು ನೋಡಬೇಕು ಅಂತ ಅದರಲ್ಲೇ ಬರೆದೈತಿ. ಮಕ್ಕಳ ಖರ್ಚಿನ ಅರ್ಜಿಯನ್ನು ನೋಟೀಸು ಮುಟ್ಟಿದ 60 ದಿನದೊಳಗೆ ಆದಷ್ಟು ಮುಗಿಸಬೇಕು ಅಂತ 2001ರಲ್ಲಿ ಸೇರಿಸಿದ್ದಾರೆ. ಒಂದೇ ಖಟ್ಲೆ, ಒಂದೇ ಊರು, ಎರಡೂ ಮಕ್ಕಳು. ನಮ್ಮ ಊರು ಗೋಕಾಕದ ನ್ಯಾಯಾಲಯದ ಹದ್ದಿನಲ್ಲಿ ಬರುತ್ತಿತ್ತು. ಅರ್ಜಿ ಅಲ್ಲೇ ಬಿತ್ತು.

ತಾರೀಖುಗಳ ಕಥೆ ಉದ್ದ ಬೇಡ. ಅವರ ಕಡೆಯವರು ಎರಡು ಸಲ ಬರಲಿಲ್ಲ, ಒಮ್ಮೆ ವಕೀಲರ ಮುಷ್ಕರ, ಒಮ್ಮೆ ನ್ಯಾಯಾಧೀಶರ ರಜೆ. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಚಾರ್ಜು ಇಲ್ಲದ್ದರಿಂದ ತಂಗಿ ಅವ್ವ ಹೋಗಿಬರುವುದಕ್ಕೆ ಖರ್ಚಾಗಲಿಲ್ಲ, ಕೂಲಿ ಮಾತ್ರ ಹೋಯಿತು. ಐದನೇ ತಾರೀಖಿಗೆ ಹುಡುಗನನ್ನು ಕರೆತಂದರು. ಶಾಲೆಯ ಸಮವಸ್ತ್ರ ಹಾಕಿಸಿದ್ದರು. ತಾಯಿಯನ್ನು ನೋಡಿ ಅವನು ಓಡಿ ಬರಲಿಲ್ಲ. ಸಿನಿಮಾದಲ್ಲಿ ಹಾಗೆ ಬರುತ್ತಾರೆ. ಅವನು ನೆಲ ನೋಡುತ್ತ ನಿಂತ. "ನಿಮ್ಮವ್ವ ನಿನ್ನ ಬಿಟ್ಟು ಓಡಿ ಹೋಗ್ಯಾಳ" ಅಂತ ಅವನಿಗೆ ದಿನಾ ಹೇಳಿದ್ದರು. ತಂಗಿ ಅವನನ್ನು ಹಿಡಿದು ಎಳೆಯಲಿಲ್ಲ, ಅಳಲಿಲ್ಲ. ಪಡಸಾಲೆಯ ಬೆಂಚಿನ ಮೇಲೆ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಪಕ್ಕದಲ್ಲಿ ಇಟ್ಟಳು. ಬಹಳ ಹೊತ್ತಾದ ಮೇಲೆ ಅವನು ಒಂದು ರೊಟ್ಟಿ ತಿಂದ. ಇನ್ನೊಂದು ತಿಂದ. "ಪುಟ್ಟಿ ಎಲ್ಲಿ ಅದಾಳ?" ಅಂದ. ಎರಡು ಮಕ್ಕಳನ್ನು ಎರಡು ಮನೆಗೆ ಹಂಚಿದ ಪಂಚರು ಅಣ್ಣ ತಂಗಿ ಎಂಬ ಸಂಬಂಧವನ್ನು ಯಾವ ಕಡೆಗೆ ಹಾಕಿದ್ದರು? ಯಾರೂ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ನ್ಯಾಯಾಧೀಶರು ಹುಡುಗನನ್ನು ಒಳಗೆ ಕರೆದು ಒಬ್ಬನನ್ನೇ ಮಾತಾಡಿಸಿದರು. ಏನು ಕೇಳಿದರು, ಅವನು ಏನು ಹೇಳಿದ ಅಂತ ನಮಗೆ ಗೊತ್ತಿಲ್ಲ. "ಹುಡುಗನ್ನ ಕೇಳಬ್ಯಾಡ್ರಿ. ಅದು ಅವಂದು" ಅಂದರು ನಮ್ಮ ವಕೀಲರು. ನಾವು ಇವತ್ತಿಗೂ ಕೇಳಿಲ್ಲ. ಮಧ್ಯಂತರ ಆದೇಶ ಬಂತು. ಹುಡುಗಿ ತಾಯಿಯ ಹತ್ತಿರ. ಹುಡುಗ ವಾರ ಬಿಟ್ಟು ವಾರದ ಶನಿವಾರ ಭಾನುವಾರ ಮತ್ತು ಶಾಲೆಯ ರಜೆಯ ಅರ್ಧ ದಿನಗಳು ತಾಯಿಯ ಹತ್ತಿರ. ತಿಂಗಳಿಗೆ ಇಷ್ಟು ರೊಕ್ಕ ತಂದೆ ಕೊಡಬೇಕು. ಎರಡು ತಿಂಗಳು ಕೊಟ್ಟ, ಮೂರನೇ ತಿಂಗಳು ನಿಲ್ಲಿಸಿದ. ಅದರ ವಸೂಲಿಗೆ ಇನ್ನೊಂದು ಅರ್ಜಿ. ಮುಖ್ಯ ಖಟ್ಲೆ ಇನ್ನೂ ನಡೆದೈತಿ. ಗೆದ್ದೆವು ಅಂತ ಹೇಳುವಂತಿಲ್ಲ. ಆದರೆ ಮೊನ್ನೆ ದಸರೆಯ ರಜೆಯಲ್ಲಿ ಅಣ್ಣ ತಂಗಿ ಒಂದೇ ಕೌದಿಯೊಳಗೆ ಮಲಗಿದ್ದರು.

ಕಾಯ್ದೆಯ ಇನ್ನೊಂದು ಮುಖವನ್ನೂ ಹೇಳಬೇಕು, ಯಾಕೆಂದರೆ ನಮ್ಮ ಸೀಮೆ ಸವದತ್ತಿ ಎಲ್ಲಮ್ಮನ ಸೀಮೆ. ಮುತ್ತು ಕಟ್ಟಿಸಿಕೊಂಡ ತಾಯಂದಿರು ನಮ್ಮ ಕೇರಿಗಳಲ್ಲಿ ಇದ್ದಾರೆ. ಮುತ್ತು ಕಟ್ಟುವುದನ್ನು ರಾಜ್ಯ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ಸೇರಿ 1997ರಲ್ಲಿ ಮಾಸ್ ಎಂಬ ಸಂಘಟನೆ ಕಟ್ಟಿಕೊಂಡರು. ಈ ತಾಯಂದಿರ ಮಕ್ಕಳಿಗೆ ಶಾಲೆಯ ರಜಿಸ್ಟರಿನಲ್ಲಿ ತಂದೆಯ ಹೆಸರು ಏನೆಂದು ಕೇಳಿ ತಲೆ ತಗ್ಗಿಸಿದವರು ಎಷ್ಟು ಜನ! 1956ರ ಕಾಯ್ದೆಯ ಅದೇ 6ನೇ ಕಲಮು ಏನು ಹೇಳುತ್ತದೆ ಗೊತ್ತೇ? ಲಗ್ನದ ಹೊರಗೆ ಹುಟ್ಟಿದ ಮಗುವಿಗೆ ಮೊದಲ ಪಾಲಕಿ ತಾಯಿ, ಆಮೇಲೆ ತಂದೆ. ಮದುವೆಯಾಗದ ತಾಯಿ ಪಾಲಕಿಯಾಗಲು ತಂದೆಯ ಹೆಸರು ಹೇಳಬೇಕಿಲ್ಲ, ಅವನಿಗೆ ನೋಟೀಸು ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. ತಾಳಿ ಕಟ್ಟಿಸಿಕೊಂಡಾಕಿ ಎರಡನೆಯವಳು, ತಾಳಿ ಇಲ್ಲದಾಕಿ ಮೊದಲನೆಯವಳು! ಗಂಡಸು ತನ್ನದೆಂದು ಒಪ್ಪಿದ ಮಗು ಅವನದು, ಒಪ್ಪದ ಮಗು ಅವಳದು. ಆಸ್ತಿಗೆ ವಾರಸುದಾರ ಬೇಕಾದಾಗ ಬರೆದ ಕಾಯ್ದೆ ಹೀಗಲ್ಲದೆ ಹೇಗಿರುತ್ತದೆ?

ಬಾಬಾಸಾಹೇಬರು ವಕೀಲರಾಗಿದ್ದರು ಎಂಬುದನ್ನು ನಮ್ಮ ಜಯಂತಿಗಳಲ್ಲಿ ಹೇಳುತ್ತೇವೆ. 1923ರಲ್ಲಿ ಮುಂಬಯಿಯಲ್ಲಿ ವಕೀಲಿ ಶುರು ಮಾಡಿದ ಅವರು 1925ರಲ್ಲಿ ನಮ್ಮದೇ ಜಿಲ್ಲೆಯ ನಿಪ್ಪಾಣಿಗೆ ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದರು. ಹುಕ್ಕೇರಿಯಿಂದ ನಿಪ್ಪಾಣಿ ಏನು ದೂರ? ನೂರು ವರ್ಷ ಆಯಿತು. ಈ ನೂರು ವರ್ಷದಲ್ಲಿ ನಮ್ಮ ಹುಡುಗರೂ ಕರೀ ಕೋಟು ಹಾಕಿದ್ದಾರೆ, ಸಂತೋಷ. ಆದರೆ ಕೇರಿಯ ಹೆಣ್ಣುಮಗಳು ಕಚೇರಿಯ ಮೆಟ್ಟಿಲು ಹತ್ತಿದಾಗ ಆಕಿಯನ್ನೇ ಮೊದಲು ಮಾತಾಡಿಸುವ ವಕೀಲರು ನಮಗೆ ಬೇಕು. ಅವರ ಜಾತಿ ಯಾವುದಾದರೂ ಇರಲಿ.

ಗೆಳೆಯರೇ, ಈ ಪತ್ರಿಕೆ ಓದುವವರಲ್ಲಿ ಮಾಸ್ತರರು ಬಹಳ. ನಿಮ್ಮ ಕಪಾಟಿನಲ್ಲಿರುವ ಹಾಜರಿ ಪುಸ್ತಕ, ದಾಖಲಾತಿ ಅರ್ಜಿ, ಪಾಲಕರ ಸಭೆಯ ಸಹಿಗಳೇ ಇಂಥ ತಾಯಿಯ ಸಾಕ್ಷಿ. ಮಗುವನ್ನು ಶಾಲೆಗೆ ತಂದು ಬಿಟ್ಟವರು ಯಾರು, ಸಭೆಗೆ ಬಂದವರು ಯಾರು ಎಂಬುದನ್ನು ಸರಿಯಾಗಿ ಬರೆದಿಡಿರಿ. ತಾಯಿ ವ್ಯಾಸಂಗ ಪ್ರಮಾಣಪತ್ರ ಕೇಳಿದರೆ ಗಂಡನನ್ನು ಕರಕೊಂಡು ಬಾ ಅನ್ನಬೇಡಿರಿ. ಆಕಿಯ ಹತ್ತಿರ ತಾಯಿ ಕಾರ್ಡು, ಲಸಿಕೆಯ ಚೀಟಿ, ಜನನ ದಾಖಲೆ, ರೇಶನ್ ಕಾರ್ಡಿನ ನಕಲು ಒಂದು ಚೀಲದಲ್ಲಿ ಇರುವಂತೆ ನೋಡಿಕೊಳ್ಳಿರಿ. ಕಾಯ್ದೆ ಓದುತ್ತಿರುವ ವಿದ್ಯಾರ್ಥಿಗಳು ಸೂಟಿಗೆ ಊರಿಗೆ ಬಂದಾಗ ಕೇರಿಯ ಹೆಣ್ಣುಮಕ್ಕಳನ್ನು ಕೂಡಿಸಿ 12ನೇ ಕಲಮನ್ನೂ 26ನೇ ಕಲಮನ್ನೂ ಅವರ ಮಾತಿನಲ್ಲಿ ಹೇಳಿರಿ. ಸಂಘಟನೆಯ ಗೆಳೆಯರು ಲೋಕ ಅದಾಲತ್ತಿನ ದಿನ ಇಂಥ ತಾಯಿಯ ಜೋಡಿ ಹೋಗಿರಿ. ರಾಜಿ ಒಳ್ಳೆಯದೇ, ಆದರೆ ಅಲ್ಲಿ ಒಪ್ಪಿ ಬರೆದುಕೊಟ್ಟ ಮೇಲೆ ಮೇಲ್ಮನವಿ ಇಲ್ಲ. ಸುತ್ತಲೂ ನಿಂತು "ಆಗ್ಲಿ ಬಿಡವಾ" ಅನ್ನುವ ಹತ್ತು ಗಂಡಸರ ನಡುವೆ "ಒಂದೀಟ ತಡಿ, ಓದಿ ನೋಡೂಣು" ಅನ್ನುವ ಒಬ್ಬರು ಬೇಕು.

ನಮ್ಮ ತಂಗಿ ಈಗ ಕೇರಿಯ ಇನ್ನಿಬ್ಬರನ್ನು ಗೋಕಾಕಕ್ಕೆ ಕರಕೊಂಡು ಹೋಗಿ ಬಂದಿದ್ದಾಳೆ. ಅರ್ಜಿಯ ಆ ಕೊನೆಯ ಸಾಲು ಆಕಿಗೆ ಬಾಯಿಪಾಠ ಆಗೈತಿ. ಮೂರನೆಯಾಕಿ ಹುಕ್ಕೇರಿ ಕಡೆಯವಳು, ಆಕಿಯ ಊರಿನಲ್ಲಿ ನಮಗೆ ಗುರುತಿನವರು ಇಲ್ಲ. ಆ ಕಡೆಯ ಮಾಸ್ತರರು, ಗೆಳೆಯರು ಯಾರಾದರೂ ಇದನ್ನು ಓದಿದ್ದರೆ ಅಂಥವರ ಜೋಡಿ ಹೋಗಲು ತಯಾರಿರಬೇಕು. ರೊಕ್ಕ ಬೇಡ. ಅರ್ಜಿ ಬರೆಯಲು ಬರಬೇಕು, ಬಾಗಿಲ ಹೊರಗೆ ಕಾಯುವ ತಾಳ್ಮೆ ಇರಬೇಕು. ಇಷ್ಟು ಸಾಕು.

ಜೈಭೀಮ್.